ಮಾಡೆಲರಿಗೆ ತಕ್ಕ ಸ್ಪೀಕರು: ಬೋರನಕಣಿವೆ ಸೀಮೆಯ ಮನೆಗಳನ್ನು ಮುಂದಿಟ್ಟುಕೊಂಡು ಒಂದು ಸಮೀಕ್ಷೆ

ವಿದ್ಯುತ್ ಗಿಟಾರಿನ ನಾದ ತಂತಿಯಲ್ಲಿ ಹುಟ್ಟಿದರೂ ಅದಕ್ಕೆ ರೂಪ ಬರುವುದು ತಂತಿಯಿಂದ ಬಹುದೂರ ಸಾಗಿದ ಮೇಲೆ. ವೀಣೆಗೆ ಕೊಡವಿದ್ದಂತೆ ನಾದವನ್ನು ತುಂಬಿಕೊಡುವ ಒಡಲು ಈ ವಾದ್ಯದ ಮೈಯಲ್ಲಿಲ್ಲ. ಆಂಪ್ಲಿಫೈಯರೂ ಸ್ಪೀಕರಿನ ಪೆಟ್ಟಿಗೆಯೂ ಕೂಡಿಯೇ ಅದರ ಒಡಲಾಗುತ್ತವೆ. ತಂತಿಯ ಕೆಳಗಿರುವ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ಕಂಪನವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಆಂಪ್ಲಿಫೈಯರು ಆ ವಿದ್ಯುತ್ತನ್ನು ಹಿಗ್ಗಿಸುತ್ತಲೇ ಒಂದಿಷ್ಟು ಕೆಡಿಸುತ್ತದೆ. ಆ ಕೆಡುಕೇ ಕೇಳುಗರು ಮೆಚ್ಚುವ ಒರಟು ಸೊಗಸು. ಈ ಸರಪಳಿಯ ಪ್ರತಿಯೊಂದು ಹಂತವನ್ನೂ ಗಣಿತದಿಂದ ಅನುಕರಿಸಿ, ಹತ್ತಾರು ಆಂಪ್ಲಿಫೈಯರುಗಳ ಗುಣವನ್ನು ಅಂಗೈಯಗಲದ ಡಬ್ಬಿಯಲ್ಲಿ ಕೂಡಿಸಿಟ್ಟಿರುವ ಸಾಧನವೇ ಮಾಡೆಲರ್. ರೋಲ್ಯಾಂಡ್ ಕಂಪನಿಯ ವಿಜಿ-8 1995ರಲ್ಲಿ, ಲೈನ್ 6 ಕಂಪನಿಯ ಪಾಡ್ 1998ರಲ್ಲಿ ಬಂದವು. ಅನಂತರ ಫ್ರಾಕ್ಟಲ್, ಕೆಂಪರ್, ಹೀಲಿಕ್ಸ್, ಕ್ವಾಡ್ ಕಾರ್ಟೆಕ್ಸ್ ಎಂದು ಹೆಸರುಗಳು ಬೆಳೆಯುತ್ತ ಹೋದವು. ಈಗ ಅಗ್ಗದ ಮಾಡೆಲರುಗಳೂ ಸಾಕಷ್ಟು ಚೆನ್ನಾಗಿವೆ. ಡಬ್ಬಿಯ ಪ್ರಶ್ನೆ ಹೀಗೆ ಬಹುಮಟ್ಟಿಗೆ ಬಗೆಹರಿದಿರುವುದರಿಂದಲೇ ಉಳಿದ ಪ್ರಶ್ನೆ ಎದ್ದು ಕಾಣುತ್ತದೆ: ಆ ಡಬ್ಬಿಯಿಂದ ಹೊರಬಂದ ವಿದ್ಯುತ್ತನ್ನು ಮನೆಯಲ್ಲಿ ಯಾವ ಸ್ಪೀಕರಿನಿಂದ ಕೇಳಬೇಕು?

ಈ ಪ್ರಶ್ನೆಗೆ ಸಿಗುವ ಉತ್ತರಗಳೆಲ್ಲ ಹೆಚ್ಚಾಗಿ ಅಮೆರಿಕದ ಮರದ ಗೋಡೆಯ ಮನೆಯನ್ನೋ ಬೆಂಗಳೂರಿನ ಫ್ಲ್ಯಾಟನ್ನೋ ಮನಸ್ಸಿನಲ್ಲಿಟ್ಟುಕೊಂಡವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಲಿಯಾರು ಹೋಬಳಿಯಲ್ಲಿ, ಸುವರ್ಣಮುಖಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಆಳ್ವಿಕೆಯಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯದ ಸುತ್ತಲಿನ ಊರುಗಳಲ್ಲಿ, ಅಲ್ಲಿಂದ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿದ ತೆಂಗಿನ ತೋಟಗಳ ನಡುವೆ, ಮನೆಗಳ ಕಟ್ಟೋಣವೂ ಕರೆಂಟಿನ ಸ್ವಭಾವವೂ ನೆರೆಮನೆಯ ದೂರವೂ ಬೇರೆ. ಅಲ್ಲಿ ಗಿಟಾರು ಹಿಡಿದ ಯುವಕ ಯುವತಿಯರಿಗೆ ಅಂಗಡಿಗೆ ಹೋಗಿ ನಾಲ್ಕು ಪೆಟ್ಟಿಗೆಗಳನ್ನು ನುಡಿಸಿ ನೋಡಿ ಆರಿಸುವ ಅನುಕೂಲವೂ ಇಲ್ಲ. ಆದುದರಿಂದ ಆಯ್ಕೆಯ ಹಿಂದಿನ ತತ್ತ್ವ ತಿಳಿದಿರುವುದು ಪಟ್ಟಣದವರಿಗಿಂತ ಅವರಿಗೇ ಹೆಚ್ಚು ಅಗತ್ಯ.

ಗಿಟಾರ್ ಸ್ಪೀಕರು ಮತ್ತು ಹಾಡು ಕೇಳುವ ಸ್ಪೀಕರು ಎರಡೂ ಒಂದೇ ಜಾತಿಯವಲ್ಲ ಎಂಬುದು ಮೊದಲು ಸ್ಪಷ್ಟವಾಗಬೇಕು. ಧ್ವನಿಯ ಆವೃತ್ತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಗಾಳಿ ಕಂಪಿಸುತ್ತದೆ ಎಂಬುದನ್ನು, ಹರ್ಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಗಿಟಾರಿನ ಅತಿ ಮಂದ್ರದ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಗಿಟಾರ್ ಲೋಕದಲ್ಲಿ ಬಹಳ ಹೆಸರಾದ ಸೆಲೆಶನ್ ಕಂಪನಿಯ ವಿಂಟೇಜ್ 30 ಎಂಬ 12 ಇಂಚಿನ ಸ್ಪೀಕರಿನ ವ್ಯಾಪ್ತಿ ಕಂಪನಿಯೇ ಹೇಳುವಂತೆ 70ರಿಂದ 5,000 ಹರ್ಟ್ಸ್ ಮಾತ್ರ. ಅದರಾಚೆಗೆ ಧ್ವನಿ ಕಡಿದು ಬೀಳುತ್ತದೆ, ಒಳಗೂ ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗಿರುತ್ತದೆ. ಹಾಡು ಕೇಳುವ ಸ್ಪೀಕರಿನಲ್ಲಿ ಇದು ಅಕ್ಷಮ್ಯ ದೋಷ. ಗಿಟಾರಿಗೆ ಇದೇ ವರ. ಕೆಡಿಸಿದ ಧ್ವನಿಯಲ್ಲಿ ತಾರಸ್ಥಾಯಿಯ ಕರ್ಕಶ ಉಪಸ್ವರಗಳು ಹೇರಳವಾಗಿ ಹುಟ್ಟುತ್ತವೆ. ಅವನ್ನು ಸೋಸಿ ಹೊರಗಿಟ್ಟು ಉಳಿದುದಕ್ಕೆ ಮೈಕಟ್ಟು ಕೊಡುವ ಕೆಲಸವನ್ನು ದಪ್ಪ ಕಾಗದದ ಆ ಶಂಕು ಸದ್ದಿಲ್ಲದೆ ಮಾಡುತ್ತ ಬಂದಿದೆ.

ಮಾಡೆಲರು ಅನುಕರಿಸುವ ಹಂತಗಳಲ್ಲಿ ಈ ಸೋಸುವಿಕೆಯೂ ಒಂದು. ನಿಜವಾದ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು, ಅದಕ್ಕೆ ಒಂದು ಪರೀಕ್ಷಾ ಧ್ವನಿ ಕೊಟ್ಟು, ಅದು ಹೇಗೆ ಸ್ಪಂದಿಸಿತು ಎಂಬುದನ್ನು ಅಚ್ಚು ಹಿಡಿದಂತೆ ದಾಖಲಿಸಿದ ಕಡತಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎಂದು ಹೆಸರು. ಬಳಕೆದಾರರು ಅದನ್ನು ಐಆರ್ ಎಂದೇ ಕರೆಯುತ್ತಾರೆ. ಮಾಡೆಲರಿನೊಳಗೆ ಕ್ಯಾಬ್ ಎಂದು ಕಾಣುವ ಭಾಗ ಸಾಮಾನ್ಯವಾಗಿ ಇದೇ. ಮನೆಯಲ್ಲಿ ಮಾಡೆಲರು ಕೊಂಡವರ ಅತೃಪ್ತಿಗೆ ಅತಿ ಸಾಮಾನ್ಯವಾದ ಕಾರಣವೂ ಇಲ್ಲೇ ಇದೆ. ಕ್ಯಾಬ್ ಭಾಗವನ್ನು ಹಾಗೇ ಬಿಟ್ಟು ನಿಜವಾದ ಗಿಟಾರ್ ಸ್ಪೀಕರಿಗೆ ಜೋಡಿಸಿದರೆ ಸೋಸಿದ್ದನ್ನೇ ಮತ್ತೆ ಸೋಸಿದಂತಾಗಿ ನಾದ ಮಂಕಾಗುತ್ತದೆ. ಅದನ್ನು ಆಫ್ ಮಾಡಿ ಹಾಡು ಕೇಳುವ ಸ್ಪೀಕರಿಗೆ ಜೋಡಿಸಿದರೆ ಸೋಸುವವರೇ ಇಲ್ಲದೆ ಜೀರುಂಡೆ ಕೂಗಿದಂಥ ಕರ್ಕಶ ಹೊಮ್ಮುತ್ತದೆ. ಎರಡೂ ಸಂದರ್ಭಗಳಲ್ಲಿ ಬೈಗುಳ ತಿನ್ನುವುದು ಮಾಡೆಲರು. ಪೆಟ್ಟಿಗೆ ಗಿಟಾರಿನದಾದರೆ ಕ್ಯಾಬ್ ಆಫ್ ಆಗಿರಬೇಕು, ಉಳಿದ ಯಾವುದೇ ಸ್ಪೀಕರಾದರೂ ಹೆಡ್‌ಫೋನಾದರೂ ಕ್ಯಾಬ್ ಆನ್ ಆಗಿರಬೇಕು: ಈ ವಿಷಯದಲ್ಲಿ ಅಪವಾದವೇ ಇಲ್ಲದ ನಿಯಮ ಎಂದರೆ ಬಹುಶಃ ಇದೊಂದೇ.

ಇಲ್ಲಿಂದ ಮುಂದಿನದು ಅಭಿರುಚಿಯ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅದರೊಳಗೆ ಒಂದು ವಾಸ್ತವದ ಸಂಗತಿ ಅಡಗಿದೆ. ಐಆರ್ ಮೂಲಕ ಕೇಳುವ ನಾದ ಪೆಟ್ಟಿಗೆಯ ಮುಂದೆ ನಿಂತವರ ಕಿವಿಗೆ ಬೀಳುವ ನಾದವಲ್ಲ. ಶಂಕುವಿನಿಂದ ಒಂದೆರಡು ಇಂಚು ದೂರದಲ್ಲಿಟ್ಟ ಮೈಕಿಗೆ ಕೇಳಿಸುವ ನಾದ, ಅಂದರೆ ಧ್ವನಿಮುದ್ರಣದಲ್ಲಿರುವ ನಾದ. ಪಾಶ್ಚಾತ್ಯ ದೇಶಗಳ ಹಳಬ ಗಿಟಾರ್ ವಾದಕರು ಕೋಣೆಯಲ್ಲಿ ನಿಂತ ದೊಡ್ಡ ಪೆಟ್ಟಿಗೆ ಎದೆಗೆ ಗುದ್ದುವ ಅನುಭವವನ್ನೇ ಬಾಲ್ಯದಿಂದ ಕಂಡವರಾದ್ದರಿಂದ ಮಾಡೆಲರಿನ ನಾದ ಅವರಿಗೆ ದೂರದ್ದೆನಿಸುತ್ತದೆ. ಅವರ ದೂರುಗಳನ್ನೇ ಓದಿಕೊಂಡು ಇಲ್ಲಿನವರೂ ಅದೇ ಕೊರತೆಯನ್ನು ಹುಡುಕತೊಡಗುತ್ತಾರೆ. ಆದರೆ ಕನ್ನಡದ ಕಿವಿ ಗಿಟಾರನ್ನು ಅರಿತದ್ದು ಬೇರೆ ದಾರಿಯಲ್ಲಿ. 1981ರ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತವನ್ನು ಈ ಸೀಮೆಯ ಎರಡು ಮೂರು ತಲೆಮಾರು ರೇಡಿಯೋದಲ್ಲಿ, ಟೇಪ್‌ರೆಕಾರ್ಡರಿನಲ್ಲಿ, ಮದುವೆ ಮನೆಯ ಮೈಕ್‌ಸೆಟ್ಟಿನಲ್ಲಿ ಕೇಳಿದೆ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್, ಸ್ವರಾತ್ಮ ಮೊದಲಾದ ತಂಡಗಳ ಗಿಟಾರೂ ಹುಲಿಯಾರಿನ ಹುಡುಗನಿಗೆ ತಲುಪುವುದು ಮುದ್ರಿತ ರೂಪದಲ್ಲಿ, ಫೋನಿನ ಮೂಲಕವೇ. ಅವನ ಮನಸ್ಸಿನಲ್ಲಿ ಆದರ್ಶವಾಗಿ ಕುಳಿತ ನಾದ ಮೈಕು ಹಿಡಿದ, ಮಿಶ್ರಣಗೊಂಡ, ಇತರ ವಾದ್ಯಗಳ ನಡುವೆ ಅಳವಟ್ಟ ನಾದ. ಅದನ್ನೇ ನಿಷ್ಠೆಯಿಂದ ಕೇಳಿಸುವ ಸ್ಪೀಕರು ಅವನಿಗೆ ತೃಪ್ತಿ ಕೊಡುವ ಸಂಭವ ಹೆಚ್ಚು. ಕೋಣೆ ನಡುಗಿಸುವ ಪೆಟ್ಟಿಗೆ ತಂದುಕೊಟ್ಟರೆ ಅವನಿಗೆ ಅದು ಪರಕೀಯ ಎನಿಸಿದರೂ ಆಶ್ಚರ್ಯವಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಹೊರಗಿನ ಸಲಹೆಗಳನ್ನು ಎರವಲು ತರುವುದು ಹಣ ಪೋಲಾಗುವ ದಾರಿ.

ಆದರೂ ಮೊದಲ ವರ್ಗವಾದ ಗಿಟಾರ್ ಪೆಟ್ಟಿಗೆಯ ಪಕ್ಷವನ್ನು ಆಲಿಸದೆ ತಳ್ಳಿಹಾಕುವಂತಿಲ್ಲ. ಮಾಡೆಲರಿನಲ್ಲಿ ಕ್ಯಾಬ್ ಆಫ್ ಮಾಡಿ, ಒಂದು ಪವರ್ ಆಂಪ್ ಮೂಲಕ, ಅಂದರೆ ಗುಣವನ್ನು ಬದಲಿಸದೆ ಬಲವನ್ನಷ್ಟೇ ಹೆಚ್ಚಿಸುವ ಆಂಪ್ಲಿಫೈಯರಿನ ಮೂಲಕ, 12 ಇಂಚಿನ ಗಿಟಾರ್ ಸ್ಪೀಕರಿಗೆ ಜೋಡಿಸಿದರೆ ಬೆರಳಿಗೂ ನಾದಕ್ಕೂ ನಡುವಿನ ಸಂಬಂಧ ನೇರವಾಗುತ್ತದೆ. ನಾದವನ್ನು ಎಳೆದು ನಿಲ್ಲಿಸುವ ಫೀಡ್‌ಬ್ಯಾಕ್ ಕೂಡ, ಅಂದರೆ ಸ್ಪೀಕರಿನ ಸದ್ದು ತಂತಿಯನ್ನು ಮತ್ತೆ ಮಿಡಿಯುವ ಚಮತ್ಕಾರವೂ, ಸುಲಭವಾಗಿ ಒಲಿಯುತ್ತದೆ. ಕಷ್ಟಗಳು ಎರಡು. ಮಾಡೆಲರಿನಲ್ಲಿ ಎಷ್ಟು ಬಗೆಯ ಪೆಟ್ಟಿಗೆಗಳಿದ್ದರೂ ಕಿವಿಗೆ ಬೀಳುವುದು ಮುಂದಿರುವ ಆ ಒಂದೇ ಪೆಟ್ಟಿಗೆಯ ಗುಣ. ಎರಡನೆಯದು ಸದ್ದಿನ ಮಟ್ಟ. ವಿಂಟೇಜ್ 30ರ ಸಂವೇದನೆ 100 ಡೆಸಿಬೆಲ್. ಒಂದೇ ಒಂದು ವಾಟ್ ಶಕ್ತಿ ಕೊಟ್ಟರೆ ಒಂದು ಮೀಟರು ದೂರದಲ್ಲಿ ಅದು 100 ಡೆಸಿಬೆಲ್ ಸದ್ದು ಮಾಡುತ್ತದೆ ಎಂದು ಅದರ ಅರ್ಥ. ಎದುರು ಕೂತವರ ಸಾಮಾನ್ಯ ಮಾತು 60 ಡೆಸಿಬೆಲ್ ಆಸುಪಾಸಿನದು. ಮನೆಯಲ್ಲಿ ಹಿತವೆನಿಸುವ 75 ಡೆಸಿಬೆಲ್‌ಗೆ ಆ ಸ್ಪೀಕರಿಗೆ ಬೇಕಾದದ್ದು ಒಂದು ವಾಟಿನ ಮುನ್ನೂರರಲ್ಲೊಂದು ಭಾಗ. ಹೀಗಿರುವಾಗ ನೂರು ವಾಟಿನ ಆಂಪ್ ಬೇಕೋ ಇನ್ನೂರರದು ಬೇಕೋ ಎಂಬ ಜಿಜ್ಞಾಸೆ ಮನೆಯ ಮಟ್ಟಿಗೆ ಹುರುಳಿಲ್ಲದ್ದು.

ಎರಡನೆಯ ವರ್ಗ ಎಫ್‌ಆರ್‌ಎಫ್‌ಆರ್ ಎಂಬ ನಾಲ್ಕಕ್ಷರದ ಹೆಸರಿನಿಂದ ಮಾರಾಟವಾಗುವ ಪೆಟ್ಟಿಗೆಗಳದು. ಪೂರ್ಣ ವ್ಯಾಪ್ತಿ, ಏರುಪೇರಿಲ್ಲದ ಸ್ಪಂದನ ಎಂಬುದು ಅದರ ತಾತ್ಪರ್ಯ. ಹೆಡ್‌ರಷ್ ಕಂಪನಿಯ 112, ಲೈನ್ 6ರ ಪವರ್‌ಕ್ಯಾಬ್, 2023ರಲ್ಲಿ ಫೆಂಡರ್ ತಂದ ಟೋನ್‌ಮಾಸ್ಟರ್ ಎಫ್‌ಆರ್-12 ಇವೆಲ್ಲ ಈ ಬಗೆಯವು. ಮಂದ್ರಕ್ಕೆ 12 ಇಂಚಿನ ಶಂಕು, ತಾರಕ್ಕೆ ಒಂದು ಕಹಳೆಯಾಕಾರದ ಪುಟ್ಟ ಚಾಲಕ, ಒಳಗೇ ಆಂಪ್ಲಿಫೈಯರು: ಇವುಗಳ ರಚನೆ ಇಷ್ಟೇ. ಈ ವಿವರಣೆ ತಿಪಟೂರಿನಲ್ಲಾಗಲಿ ಹುಲಿಯಾರಿನಲ್ಲಾಗಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರಿಗೆ ಹೊಸದೇನೂ ಅಲ್ಲ. ಆರ್ಕೆಸ್ಟ್ರಾಕ್ಕೂ ಗಣಪತಿ ಪೆಂಡಾಲಿಗೂ ಅವರು ತಂದಿಡುವ ಪವರ್ಡ್ ಸ್ಪೀಕರು ಇದೇ ಕುಲದ್ದು. ಹೆಡ್‌ರಷ್‌ನ ಒಡೆಯನಾದ ಇನ್‌ಮ್ಯೂಸಿಕ್ ಸಂಸ್ಥೆಯೇ ಸಭಾಂಗಣದ ಸ್ಪೀಕರುಗಳನ್ನು ಮಾಡುವ ಆಲ್ಟೊ ಕಂಪನಿಯ ಒಡೆಯನೂ ಹೌದು ಎಂಬುದನ್ನು ನೆನೆದರೆ ಗಿಟಾರಿನ ಹೆಸರು ಅಂಟಿಸಿದ ಮಾತ್ರಕ್ಕೆ ಪೆಟ್ಟಿಗೆ ಬೇರೆಯದಾಗುವುದಿಲ್ಲ ಎಂಬುದೂ ಅರಿವಾಗುತ್ತದೆ. ಆದುದರಿಂದ ಕೊಳ್ಳುವ ಮುನ್ನ ಪರಿಚಯದ ಮೈಕ್‌ಸೆಟ್‌ನವರಿಂದ ಒಂದು ದಿನದ ಮಟ್ಟಿಗೆ ಅಂಥದೊಂದು ಪೆಟ್ಟಿಗೆಯನ್ನು ತಂದು ಮಾಡೆಲರಿಗೆ ಜೋಡಿಸಿ ನೋಡುವುದು ಬೆಂಗಳೂರಿನ ಅಂಗಡಿಗೆ ಹೋಗಿ ಬರುವುದಕ್ಕಿಂತ ಹೆಚ್ಚು ಕಲಿಸುತ್ತದೆ. ವೇದಿಕೆಗೂ ಹೋಗುವವರಿಗೆ ಇದು ಉತ್ತಮ ಆಯ್ಕೆ. ಮನೆಯೊಳಗಷ್ಟೇ ನುಡಿಸುವವರಿಗೆ ಇದರ ಕೊರತೆ ಬೇರೆ ರೀತಿಯದು: ಐದಾರು ಮೀಟರು ದೂರ ಕೂತವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ಪೆಟ್ಟಿಗೆಗಳನ್ನು ಒಂದು ಮೀಟರು ದೂರದಲ್ಲಿ ಸಣ್ಣ ಸದ್ದಿನಲ್ಲಿ ಕೇಳಿದಾಗ ಶಂಕುವಿನ ಧ್ವನಿಯೂ ಕಹಳೆಯ ಧ್ವನಿಯೂ ಬೆರೆಯದೆ ಬೇರೆಬೇರೆಯಾಗಿ ನಿಲ್ಲುತ್ತವೆ. ಅಗ್ಗದ ಪೆಟ್ಟಿಗೆಗಳಲ್ಲಿ ಒಳಗಿನ ಫ್ಯಾನಿನ ಸದ್ದೂ ಇರುತ್ತದೆ.

ಸ್ಟುಡಿಯೋ ಮಾನಿಟರ್ ಎಂದು ಕರೆಯುವ ಮೂರನೆಯ ವರ್ಗ ಈ ಸಮೀಕ್ಷೆಯ ತೂಕ ಹೆಚ್ಚಾಗಿ ವಾಲುವ ಕಡೆ. ಧ್ವನಿಮುದ್ರಣ ಮಾಡುವವರು ಮೇಜಿನ ಮೇಲೆ, ಮುಖದೆದುರು, ತೋಳಳತೆಯ ದೂರದಲ್ಲಿಟ್ಟುಕೊಂಡು ಕೇಳಲೆಂದೇ ರಚಿಸಿದ ಜೋಡಿ ಸ್ಪೀಕರುಗಳಿವು. ಪ್ರತಿಯೊಂದರೊಳಗೂ ಅದರದೇ ಆಂಪ್ಲಿಫೈಯರು ಇರುತ್ತದೆ. ಯಮಾಹಾ ಎಚ್‌ಎಸ್ ಸರಣಿ, ಜೆಬಿಎಲ್ 305, ಕೆಆರ್‌ಕೆ, ಆಡಂ, ಕಾಲಿ ಮೊದಲಾದವು ಪರಿಚಿತ ಹೆಸರುಗಳು. ಎಚ್‌ಎಸ್ 5 ಎಂಬ 5 ಇಂಚಿನ ಮಾನಿಟರು ಕೆಳಗೆ 54 ಹರ್ಟ್ಸ್‌ವರೆಗೆ, ಎಚ್‌ಎಸ್ 8 ಎಂಬ 8 ಇಂಚಿನದು 38 ಹರ್ಟ್ಸ್‌ವರೆಗೆ ಇಳಿಯುತ್ತವೆ ಎಂದು ಕಂಪನಿ ನಮೂದಿಸುತ್ತದೆ. ದೊಡ್ಡದು ಮೇಲು ಎಂಬ ಸಹಜ ಊಹೆ ಇಲ್ಲಿ ಕೈಕೊಡುತ್ತದೆ. ಗಿಟಾರಿನ ಕೆಳಗಣ ತಂತಿ 82 ಹರ್ಟ್ಸ್‌ನಲ್ಲೇ ನಿಲ್ಲುವುದರಿಂದ ಅದಕ್ಕಿಂತ ಬಹಳ ಕೆಳಗಿಳಿಯುವ ಸಾಮರ್ಥ್ಯ ಗಿಟಾರಿಗೆ ಬೇಡ. ಸಣ್ಣ ಕೋಣೆಯಲ್ಲಿ ಆ ಸಾಮರ್ಥ್ಯ ಗುಂಯ್‌ಗುಡುವಿಕೆಯಾಗಿ ತಿರುಗಿ ಬೀಳುತ್ತದೆ. ಬೇಸ್ ಗಿಟಾರು, ಡ್ರಮ್ಮುಗಳುಳ್ಳ ಹಿನ್ನೆಲೆ ಸಂಗೀತ ಹಾಕಿಕೊಂಡು ನುಡಿಸುವವರಿಗೆ ಮಾತ್ರ 6 ಅಥವಾ 7 ಇಂಚಿನದರಿಂದ ಲಾಭವಿದೆ. ಮಾನಿಟರಿನ ಇನ್ನೊಂದು ಗುಣ ಜೋಡಿತನ: ಮಾಡೆಲರಿನೊಳಗಿನ ಪ್ರತಿಧ್ವನಿ, ಕೋರಸ್ ಮೊದಲಾದ ಅಲಂಕಾರಗಳು ಎಡಬಲಕ್ಕೆ ಹರಡಿಕೊಂಡಾಗಷ್ಟೇ ಅರಳುತ್ತವೆ, ಒಂಟಿ ಪೆಟ್ಟಿಗೆಯಲ್ಲಿ ಅವು ಮುದುಡುತ್ತವೆ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರ ಬಳಿ ಕೇಳುವಂಥ ಹಿಂದೂಸ್ತಾನಿ ಪದ್ಧತಿಯ ಸ್ಲೈಡ್ ಗಿಟಾರನ್ನು ಅಭ್ಯಾಸ ಮಾಡುವವರಿಗಂತೂ ಬೇರೆ ಆಯ್ಕೆಯೇ ಇಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಕೊನೆಯ ಎಳೆಯವರೆಗೆ ಶುದ್ಧವಾಗಿ ಕೇಳಬೇಕಾದ ಆ ನಾದವನ್ನು 5,000 ಹರ್ಟ್ಸ್‌ಗೆ ಕತ್ತರಿಸಿಬಿಡುವ ಗಿಟಾರ್ ಪೆಟ್ಟಿಗೆ ಕೊಂದುಹಾಕುತ್ತದೆ.

ಹೆಡ್‌ಫೋನ್ ಅಗ್ಗ, ನಿಷ್ಠುರ, ಕೋಣೆಯ ಹಂಗಿಲ್ಲದ್ದು. ರಾತ್ರಿಯ ಅಭ್ಯಾಸಕ್ಕೆ ಅದು ಬೇಕೇ ಬೇಕು. ಮನೆಯಲ್ಲಾಗಲೇ ಇರುವ ಟಿವಿ ಸೌಂಡ್‌ಬಾರು, ಹೋಂ ಥಿಯೇಟರುಗಳು ತಾತ್ಕಾಲಿಕವಾಗಿ ಒದಗಬಹುದಾದರೂ ಮಂದ್ರವನ್ನು ಉಬ್ಬಿಸಿ ಮೆಚ್ಚಿಸಲೆಂದೇ ಮಾಡಿದ ಅವುಗಳ ಮೇಲೆ ಹೊಂದಿಸಿಕೊಂಡ ನಾದ ಬೇರೆಲ್ಲೂ ಸಲ್ಲುವುದಿಲ್ಲ. ಬ್ಲೂಟೂತ್ ಸ್ಪೀಕರನ್ನು ಕೂಡಲೇ ಕೈಬಿಡಬಹುದು. ಬ್ಲೂಟೂತಿನಲ್ಲಿ ಧ್ವನಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ; ಒಂದು ಮಿಲಿಸೆಕೆಂಡಿಗೆ ಧ್ವನಿ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರು ಸಾಗುವುದರಿಂದ, ಆ ತಡ ಪೆಟ್ಟಿಗೆಯನ್ನು 35ರಿಂದ 70 ಮೀಟರು ದೂರದ ತೆಂಗಿನ ಮರದ ಬುಡದಲ್ಲಿಟ್ಟು ನುಡಿಸಿದ್ದಕ್ಕೆ ಸಮ.

ವರ್ಗಗಳ ಚರ್ಚೆ ಇಷ್ಟು ಸಾಕು. ಏಕೆಂದರೆ ಮನೆಯಲ್ಲಿ ಕೇಳುವ ನಾದವನ್ನು ಸ್ಪೀಕರಿನ ಜಾತಿಗಿಂತಲೂ ಬಲವಾಗಿ ನಿರ್ಧರಿಸುವ ಎರಡು ಸಂಗತಿಗಳಿವೆ, ಒಂದು ಸದ್ದಿನ ಮಟ್ಟ, ಇನ್ನೊಂದು ಕೋಣೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ತೋರಿಸಿಕೊಟ್ಟಂತೆ ಕಿವಿ ಎಲ್ಲ ಸ್ವರಗಳಿಗೂ ಸಮನಾಗಿ ಮಣಿಯುವುದಿಲ್ಲ. ಸದ್ದು ಕಡಿಮೆಯಾದಷ್ಟೂ ಮಂದ್ರವೂ ಅತಿ ತಾರವೂ ಹಿಂದೆ ಸರಿದು ಮಧ್ಯಮಸ್ಥಾಯಿಯೊಂದೇ ಉಳಿಯುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಸಣ್ಣ ಸದ್ದಿನಲ್ಲಿ ಕೂತು ಮಂದ್ರವನ್ನೂ ತಾರವನ್ನೂ ಏರಿಸಿ ಹೊಂದಿಸಿದ ನಾದ, ಹಬ್ಬದ ವೇದಿಕೆಯಲ್ಲಿ ದೊಡ್ಡದಾಗಿ ಹೊಮ್ಮಿದಾಗ ಕೆಳಗೆ ಗುಡುಗಿ ಮೇಲೆ ಚುಚ್ಚುವುದು ಇದರಿಂದಲೇ. ಯಾವ ದುಬಾರಿ ಸ್ಪೀಕರೂ ಈ ಶರೀರಧರ್ಮವನ್ನು ಮೀರಲಾರದು. ಮನೆಯ ಮಟ್ಟಕ್ಕೊಂದು, ವೇದಿಕೆಯ ಮಟ್ಟಕ್ಕೊಂದು ಎಂದು ಮಾಡೆಲರಿನಲ್ಲಿ ಎರಡು ಪ್ರತ್ಯೇಕ ಹೊಂದಾಣಿಕೆಗಳನ್ನು ಉಳಿಸಿಕೊಳ್ಳುವುದು ಇದಕ್ಕಿರುವ ಪರಿಹಾರ. ಅದಕ್ಕೆ ಕಾಸಿನ ಖರ್ಚಿಲ್ಲ.

ಸದ್ದಿನ ಮಟ್ಟಕ್ಕೆ ಕಾನೂನಿನ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಗೋಡೆಗೆ ಗೋಡೆ ಹೊಂದಿದ ಪೇಟೆಯ ಮನೆಗಳಿಗೆ ಇದು ಬಿಗಿಯಾದ ಕಟ್ಟು. ತೋಟದ ಮನೆಯ ಲೆಕ್ಕ ಬೇರೆ: ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುವುದರಿಂದ ಒಂದು ಮೀಟರಿನಲ್ಲಿ 75 ಇದ್ದದ್ದು ನೂರು ಮೀಟರಿನಾಚೆ, ಗೋಡೆಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 35ಕ್ಕೆ ಬಂದಿರುತ್ತದೆ. ತೋಟದ ಮರಗಳು ಸದ್ದನ್ನು ತಡೆಯುತ್ತವೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಸಾಲು ಹಿಡಿದು ನಿಂತ ಬರಿಗಾಂಡದ ತೆಂಗು ಧ್ವನಿಗೆ ಅಡ್ಡಿಯೇ ಅಲ್ಲ, ತಡೆಯುವುದು ದೂರ ಮಾತ್ರ. ತೋಟದ ನಿಶ್ಶಬ್ದಕ್ಕೆ ಇನ್ನೊಂದು ಮುಖವೂ ಉಂಟು. ಪಟ್ಟಣದ ಗದ್ದಲದಲ್ಲಿ ಗಮನಕ್ಕೇ ಬಾರದ, ಅಗ್ಗದ ಮಾನಿಟರುಗಳು ಸದಾ ಹೊರಡಿಸುವ ಸಣ್ಣ ಸುಯ್ ಸದ್ದು ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕೊಳ್ಳುವವರು ವಿಚಾರಿಸಬೇಕಾದ ಗುಣಗಳಲ್ಲಿ ಇದೂ ಒಂದು.

ಕೋಣೆಯ ವಿಷಯ ಇನ್ನಷ್ಟು ವಿಸ್ತಾರವಾದದ್ದು. ಎದುರುಬದುರು ಗೋಡೆಗಳ ನಡುವೆ ಧ್ವನಿ ಹೋಗಿಬಂದು, ಅವುಗಳ ನಡುವಿನ ಅಂತರಕ್ಕೆ ಹೊಂದುವ ಕೆಲವೇ ಸ್ವರಗಳು ಉಬ್ಬುತ್ತವೆ. ಇದನ್ನು ಕೋಣೆಯ ಅನುನಾದ ಎನ್ನಬಹುದು. ಹೊಸ ಆರ್‌ಸಿಸಿ ಮನೆಗಳಲ್ಲಿ 10 ಅಡಿಗೆ 10 ಅಡಿಯ ಕೋಣೆ ಬಹಳ ಸಾಮಾನ್ಯ, ಎತ್ತರವೂ ಸುಮಾರು ಅಷ್ಟೇ. ಹತ್ತಡಿಯ ಅಂತರಕ್ಕೆ ಹೊಂದುವ ಸ್ವರಗಳು ಸುಮಾರು 57 ಮತ್ತು ಅದರ ಇಮ್ಮಡಿಯಾದ 114 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ದಿಕ್ಕಿನ ಉಬ್ಬೂ ಒಂದೇ ಸ್ವರದ ಮೇಲೆ ಬೀಳುತ್ತದೆ. ಗಿಟಾರಿನ ಐದನೆಯ ತಂತಿಯ ಸ್ವರ 110 ಹರ್ಟ್ಸ್, ಅಂದರೆ ಆ ಉಬ್ಬಿನ ಪಕ್ಕದಲ್ಲೇ ಇದೆ. ಒಂದು ತಂತಿ ಗುಂಯ್ ಎಂದು ಮೇಲೆದ್ದು ಪಕ್ಕದ ತಂತಿ ಸೊರಗಿದಾಗ ವಾದಕರು ಸ್ಪೀಕರನ್ನೋ ಮಾಡೆಲರನ್ನೋ ದೂರುತ್ತಾರೆ. ತಪ್ಪು ಕೋಣೆಯ ಅಳತೆಯದು. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಈ ಉಬ್ಬು ಹೆಚ್ಚುತ್ತದೆ, ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದರೆ ತಗ್ಗುತ್ತದೆ. ಹಾಗೆ ತರಲು ಜಾಗವಿಲ್ಲದ ಕಡೆಗಳಿಗಾಗಿ ಯಮಾಹಾ ಎಚ್‌ಎಸ್ ಮಾನಿಟರುಗಳ ಬೆನ್ನಿನಲ್ಲಿ 500 ಹರ್ಟ್ಸ್‌ನ ಕೆಳಗಿನ ಧ್ವನಿಯನ್ನು 2 ಅಥವಾ 4 ಡೆಸಿಬೆಲ್ ಇಳಿಸುವ ಗುಂಡಿಯಿದೆ. ಇಂಥ ಗುಂಡಿಯುಳ್ಳ ಮಾನಿಟರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಳೆಯ ಹೆಂಚಿನ ಮನೆಗಳು ಈ ದೃಷ್ಟಿಯಿಂದ ಅದೃಷ್ಟಶಾಲಿ. ಇಳಿಜಾರಿನ ಮಾಡು ನೆಲಕ್ಕೆ ಸಮಾನಾಂತರವಾಗಿಲ್ಲದ ಕಾರಣ ಮೇಲೆ ಕೆಳಗೆ ಧ್ವನಿ ಕಟ್ಟಿಕೊಂಡು ನಿಲ್ಲುವುದಿಲ್ಲ, ಹೆಂಚಿನ ಸಂದುಗಳಿಂದ ಮಂದ್ರ ಒಂದಿಷ್ಟು ಹೊರಗೆ ಸೋರಿಹೋಗುತ್ತದೆ. ಬದಲಿಗೆ ರೆಡ್ ಆಕ್ಸೈಡಿನ ನುಣುಪು ನೆಲವೂ ಸುಣ್ಣದ ಗೋಡೆಯೂ ತಾರವನ್ನು ಹಿಂದಕ್ಕೆ ಎಸೆಯುತ್ತವೆ. ಒಂದು ಜಮಖಾನ, ಗೋಡೆಗೊಂದು ದಪ್ಪ ಕಂಬಳಿ ಇದಕ್ಕೆ ಸಾಕು. ಈ ಸೀಮೆಯ ವಿಶೇಷವಾದ ಅಟ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಟ್ಟು ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಅಟ್ಟದ ಸಡಿಲ ಹಲಗೆಗಳು, ಕೆಳಗಿನ ಪಾತ್ರೆಪಗಡೆಗಳು, ಕಿಟಕಿಯ ಗಾಜುಗಳು ತಮಗೆ ಹೊಂದುವ ಸ್ವರ ಬಂದೊಡನೆ ಜೊತೆಗೂಡಿ ನಡುಗುತ್ತವೆ. ಫೋನಿನ ಉಚಿತ ಆ್ಯಪ್ ಒಂದರಿಂದ 80ರಿಂದ 300 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ನುಡಿಸಿ, ಎಲ್ಲಿ ಏನು ಅದುರುತ್ತದೆ ಎಂದು ಕೋಣೆ ಸುತ್ತಿ ಹುಡುಕಿದರೆ, ಸ್ಪೀಕರು ಒಡೆದಿದೆ ಎಂಬ ಅನುಮಾನಗಳಲ್ಲಿ ಹಲವು ಒಂದು ಚೂರು ರಟ್ಟಿನ ಬೆಣೆಯಿಂದ ಬಗೆಹರಿಯುತ್ತವೆ.

ಧ್ವನಿಯನ್ನು ಹೀರಲು ಪೇಟೆಯಲ್ಲಿ ಮಾರುವ ಮೊನೆಮೊನೆಯಾದ ಸ್ಪಂಜಿನ ಹಾಳೆಗಳು ತೆಂಗಿನ ಸೀಮೆಗೆ ಬೇಡವೇ ಬೇಡ. ಮಟ್ಟೆಯಿಂದ ತೆಗೆದ ನಾರು ಗಾಳಿಯಾಡುವ, ಎಳೆಎಳೆಯಾದ ವಸ್ತು; ಎಳೆಗಳ ನಡುವೆ ನುಸುಳುವ ಗಾಳಿಯ ಘರ್ಷಣೆಯಲ್ಲಿ ಧ್ವನಿಯ ಶಕ್ತಿ ಸವೆಯುವುದೇ ಹೀರಿಕೆಯ ತತ್ತ್ವವಾದ್ದರಿಂದ ನಾರಿನ ಹಾಸು ಆ ಕೆಲಸಕ್ಕೆ ಒದಗುತ್ತದೆ, ಈ ಕುರಿತು ಸಂಶೋಧನೆಗಳೂ ನಡೆದಿವೆ. ಆದರೆ ದಪ್ಪದ ಲೆಕ್ಕವನ್ನು ಮರೆಯುವಂತಿಲ್ಲ. ಇಂಥ ವಸ್ತು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಧ್ವನಿಯ ಅಲೆಯುದ್ದದ ಕಾಲುಭಾಗದ ಹತ್ತಿರವಿರಬೇಕು. 4 ಇಂಚಿನ ನಾರಿನ ಹಾಸಿಗೆಯನ್ನು ಗೋಡೆಗೆ ಒರಗಿಸಿದರೆ ಅದು ಚೆನ್ನಾಗಿ ದುಡಿಯುವುದು 800 ಹರ್ಟ್ಸ್‌ನ ಆಚೀಚೆಯಿಂದ ಮೇಲೆ, ಗೋಡೆಗೂ ಅದಕ್ಕೂ ನಡುವೆ ಮತ್ತೆ 4 ಇಂಚು ಖಾಲಿ ಬಿಟ್ಟರೆ ಸುಮಾರು 400 ಹರ್ಟ್ಸ್‌ನಿಂದ. ಐದನೆಯ ತಂತಿಯ 110 ಹರ್ಟ್ಸ್‌ಗೆ ಕಾಲು ಅಲೆಯೆಂದರೆ ಎರಡೂವರೆ ಅಡಿಗಿಂತ ಹೆಚ್ಚು. ಆದ್ದರಿಂದ ಮಂದ್ರವನ್ನು ಪಳಗಿಸಬೇಕಾದರೆ ನಾರು ತುಂಬಿದ ಗೋಣಿಚೀಲಗಳನ್ನು ಕೋಣೆಯ ಎರಡು ಮೂಲೆಗಳಲ್ಲಿ ನೆಲದಿಂದ ಮೇಲಿನವರೆಗೆ ಪೇರಿಸಬೇಕಾಗುತ್ತದೆ. ಬೆಂಗಳೂರಿನ ಸ್ಟುಡಿಯೋಗಳು ಸಾವಿರಾರು ರೂಪಾಯಿ ಸುರಿಯುವ ಈ ಏರ್ಪಾಡು ನಾರಿನ ಫ್ಯಾಕ್ಟರಿಗಳ ನೆರೆಯಲ್ಲಿ ಅತ್ಯಲ್ಪ ಖರ್ಚಿನಲ್ಲಿ ಆಗುತ್ತದೆ. ಧೂಳು, ಇಲಿ ಮತ್ತು ಬೆಂಕಿ ಈ ಮೂರರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಣನಾರಿನ ರಾಶಿಯ ಪಕ್ಕದಲ್ಲಿ ಬಿಸಿಯಾಗುವ ಅಡಾಪ್ಟರುಗಳನ್ನು ಇಡಬಾರದು.

ಇನ್ನು ಕರೆಂಟು. ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜು ಕುಸಿಯುವ ಕಡೆಗಳಲ್ಲಿ 100ರಿಂದ 240 ವೋಲ್ಟಿನವರೆಗೆ ತಾನಾಗಿ ಹೊಂದಿಕೊಳ್ಳುವ ವಿದ್ಯುತ್ ಪೂರೈಕೆಯುಳ್ಳ ಸ್ಪೀಕರು ಸುರಕ್ಷಿತ. ಬೆನ್ನಿನ ಮೇಲೆ ಅಚ್ಚಾದ ಅಂಕಿಗಳೇ ಇದನ್ನು ಹೇಳುತ್ತವೆ. ಸ್ಕ್ವೇರ್ ವೇವ್ ಬಗೆಯ ಹಳೆಯ ಯುಪಿಎಸ್ ಮೇಲೆ ಮಾನಿಟರು ಝೇಂಕರಿಸಿದರೆ ಅದು ಮಾನಿಟರಿನ ದೋಷವಲ್ಲ, ಸೈನ್ ವೇವ್ ಯುಪಿಎಸ್ ಮೇಲೆ ಆ ಸದ್ದು ಬಹುಪಾಲು ಇರುವುದಿಲ್ಲ. ನೆಲಕ್ಕೆ ಸರಿಯಾದ ಅರ್ಥಿಂಗ್ ಇಲ್ಲದ ಮನೆಯಲ್ಲಿ ಯಾವ ಸ್ಪೀಕರಾದರೂ ಗುಂಯ್‌ಗುಟ್ಟಬಹುದು; ಮಾಡೆಲರಿನಿಂದ ಮಾನಿಟರಿಗೆ ಬ್ಯಾಲೆನ್ಸ್ಡ್ ಕೇಬಲ್, ಅಂದರೆ ಒಂದೇ ಸಂಕೇತವನ್ನು ಒಂದಕ್ಕೊಂದು ತಲೆಕೆಳಗಾದ ಎರಡು ಪ್ರತಿಗಳಲ್ಲಿ ಒಯ್ದು ದಾರಿಯಲ್ಲಿ ಸೇರಿದ ಗದ್ದಲವನ್ನು ಕೊನೆಯಲ್ಲಿ ಕಳೆದುಬಿಡುವ ಮೂರೆಳೆಯ ಕೇಬಲ್, ಬಳಸಿದರೆ ಅದು ಬಹಳ ಮಟ್ಟಿಗೆ ತಗ್ಗುತ್ತದೆ. ಗುಂಯ್‌ಗುಡುವಿಕೆ ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವ ಪರಿಪಾಠ ಅಲ್ಲಲ್ಲಿ ಕಾಣುತ್ತದೆ. ಲೋಹದ ತಂತಿಯನ್ನು ಬರಿಗೈಯಲ್ಲಿ ಹಿಡಿಯುವ ವಾದ್ಯದ ವಿಷಯದಲ್ಲಿ ಇದು ಪ್ರಾಣಾಪಾಯ. ಗಿಟಾರನ್ನು ಹಿಡಿದು ಸುತ್ತ ತಿರುಗಿದಂತೆ ಸದ್ದು ಏರಿಳಿದರೆ ಅದರ ಮೂಲ ಪಿಕಪ್ಪು. ಫ್ಯಾನಿನ ರೆಗ್ಯುಲೇಟರು, ಮೋಟಾರಿನ ಸ್ಟಾರ್ಟರುಗಳ ಬಳಿಯಿಂದ ಎದ್ದು ಬೇರೆಡೆ ಕೂರಬೇಕೇ ಹೊರತು ಸ್ಪೀಕರು ಬದಲಿಸಿ ಫಲವಿಲ್ಲ.

ಕೊನೆಯದಾಗಿ ರಿಪೇರಿ. ಒಳಗೇ ಆಂಪ್ಲಿಫೈಯರುಳ್ಳ ಮಾನಿಟರಿನ ಸರ್ಕ್ಯೂಟ್ ಸುಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಸರಿಮಾಡುವವರು ಸಿಗುವುದು ಕಷ್ಟ, ಬೆಂಗಳೂರಿನ ಸರ್ವಿಸ್ ಸೆಂಟರಿಗೋ ಎಸ್.ಪಿ. ರಸ್ತೆಗೋ ಒಯ್ಯಬೇಕು. ಆಂಪ್ ಬೇರೆ, ಪೆಟ್ಟಿಗೆ ಬೇರೆ ಇರುವ ಹಳೆಯ ಪದ್ಧತಿಯ ಜೋಡಿಯಲ್ಲಿ ಕೆಟ್ಟದ್ದನ್ನಷ್ಟೇ ಬದಲಿಸಬಹುದು. ಶಂಕು ಹರಿದರೆ ಹೊಸ ಶಂಕು ಕೂರಿಸುವ ಕೈಗಳೂ ಮೈಕ್‌ಸೆಟ್‌ನವರ ಬಳಗದಲ್ಲಿವೆ. ಈ ಒಂದು ಕಾರಣಕ್ಕೆ, ತೀರ ಒಳನಾಡಿನ ತೋಟದ ಮನೆಯಲ್ಲಿರುವವರು ಸಾಧಾರಣ ಪವರ್ ಆಂಪಿನೊಡನೆ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರಿನ ಜೋಡಿಯನ್ನು, ಅಂದರೆ ಹಾಡು ಕೇಳಲೆಂದು ಮಾಡಿದ ಆಂಪಿಲ್ಲದ ಪುಟ್ಟ ಪೆಟ್ಟಿಗೆಗಳನ್ನು, ಆರಿಸಿದರೆ ಆ ಆಯ್ಕೆಯನ್ನು ತಪ್ಪೆನ್ನಲಾಗದು. ಉಳಿದವರು ಮೊದಲು ಒಳ್ಳೆಯ ಹೆಡ್‌ಫೋನ್ ಕೊಂಡು, ಕೆಲವು ತಿಂಗಳು ಅದರಲ್ಲೇ ನುಡಿಸಿ ತಮಗೆ ಬೇಕಾದ ನಾದವನ್ನು ಗುರುತಿಸಿಕೊಂಡು, ಅನಂತರ 5 ಇಂಚಿನ ಮಾನಿಟರುಗಳಿಗೆ ಕೈಹಾಕುವುದು ಸರಿಯಾದ ಕ್ರಮ. ಆನ್‌ಲೈನಿನಲ್ಲಿ ತರಿಸಿಕೊಳ್ಳುವಾಗ ವಾರಂಟಿ ಅವಧಿ ಮುಗಿಯುವವರೆಗೆ ರಟ್ಟಿನ ಡಬ್ಬವನ್ನೂ ಒಳಗಿನ ಥರ್ಮಾಕೋಲನ್ನೂ ಅಟ್ಟದ ಮೇಲೆ ಎತ್ತಿಡಬೇಕು. ಕೆಟ್ಟಾಗ ಬಸ್ಸಿನಲ್ಲೋ ಕೊರಿಯರಿನಲ್ಲೋ ಬೆಂಗಳೂರಿಗೆ ಕಳಿಸಲು ಅದಿಲ್ಲದೆ ಆಗುವುದಿಲ್ಲ.